ನಾಲ್ಕು ಮಿಲಿಮೀಟರ್

ಮೂರನೇ ಸಂಜೆಯೂ ರೋಗಿ ಹುಚ್ಚವ್ವನ ತಲೆಯ ಎರಡು ಚಿತ್ರಗಳು ಒಂದಾಗಲಿಲ್ಲ.

ಸಿಂದಗಿಯ ಸ್ಕ್ಯಾನ್ ಸೆಂಟರಿನಲ್ಲಿ ತೆಗೆದ ಸಿಟಿ ಸ್ಕ್ಯಾನಿನಲ್ಲಿ ಎಲುಬು ಸ್ಪಷ್ಟ. ಸೊಲ್ಲಾಪುರದಿಂದ ಬಂದ ಎಂಆರ್‌ಐಯಲ್ಲಿ ಗಡ್ಡೆ ಸ್ಪಷ್ಟ. ಎರಡನ್ನೂ ಕೂಡಿಸಿ ಒಂದೇ ಚಿತ್ರ ಮಾಡುವ ಪ್ರೋಗ್ರಾಂ ವರದಾ ತನ್ನ ಎಂ.ಟೆಕ್‌ಗಾಗಿ ಈ ಸೆಂಟರಿನಲ್ಲೇ ಕೂತು ಬರೆದಿದ್ದಳು. ಆದರೆ ಗಡ್ಡೆ ಪ್ರತಿ ಸಲವೂ ನಾಲ್ಕು ಮಿಲಿಮೀಟರ್ ಸರಿದೇ ಕೂರುತ್ತಿತ್ತು. ನಾಳೆ ಸೊಲ್ಲಾಪುರದ ಡಾಕ್ಟರು ಈ ಚಿತ್ರ ನೋಡಿಯೇ ಆಪರೇಶನ್ನಿಗೆ ಗುರುತು ಹಾಕುವವರಿದ್ದರು.

"ನೀವು ತಲಿ ಸರಿಯಾಗಿ ಇಟ್ಟಿಲ್ರಿ," ಎಂದು ಸಿಡುಕಿದಳು.

ಸ್ಕ್ಯಾನ್ ತೆಗೆದಿದ್ದ ಟೆಕ್ನಿಷಿಯನ್ ಬಸಂತರಾಯ ಅವಳ ಕೀಬೋರ್ಡಿನ ಪಕ್ಕ ಚಹಾ ಇಟ್ಟ. "ಎರಡ ತಿಂಗಳಿಂದ ಇದ ಮಾತ ಕೇಳಾಕತ್ತೇನ್ರಿ. ಬ್ಯಾರೆ ಏನರ ಮಾತಾಡ್ರಿ."

"ಬ್ಯಾರೆ ಮಾತಿಗೆ ಟೈಮ್ ಎಲ್ಲದರಿ?"

ಅವನ ಕಣ್ಣಂಚಿನಲ್ಲಿ ನಗು ಮಿನುಗಿತು. ಅದನ್ನು ತಾನು ಗಮನಿಸಿದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಮಾನಿಟರನ್ನು ಅವನತ್ತ ತಿರುಗಿಸಿದಳು. "ನೀವ ನೋಡ್ರಿ ಹಂಗಾರ."

ಅವನು ಬಗ್ಗಿ ನೋಡಿದ. ತೋಳು ತೋಳಿಗೆ ತಾಗುವಷ್ಟು ಹತ್ತಿರ.

"ದವಡಿ ನೋಡ್ರಿ. ಸೊಲ್ಲಾಪುರದಾಗ ಬಾಯಿ ಮುಚ್ಚೈತಿ, ಇಲ್ಲಿ ತೆರದೈತಿ. ಅವತ್ತ ಹುಚ್ಚವ್ವಗ ನೆಗಡಿ, ಬಾಯಿಲೆ ಉಸಿರಾಡ್ತಿದ್ದಳು. ಮುಚ್ಚು ಅನ್ನಾಕ ಮನಸ್ಸಾಗಲಿಲ್ಲ."

ವರದಾಗೆ ತಪ್ಪು ಹೊಳೆಯಿತು. ಪ್ರೋಗ್ರಾಂ ಇಡೀ ತಲೆಯನ್ನು ಒಂದೇ ಎಲುಬೆಂದು ತಿಳಿದಿತ್ತು. ತೆರೆದ ದವಡೆ ಉಳಿದದ್ದನ್ನೆಲ್ಲ ಎಳೆಯುತ್ತಿತ್ತು.

"ಇದನ್ನ ಮೊದಲ ಯಾಕ ಹೇಳಲಿಲ್ರಿ?"

"ಮೂರು ದಿನ ಬರೇ ಬೈದ್ರಿ. ಚಿತ್ರ ಇವತ್ತ ತೋರಿಸಿದ್ರಿ."

ದವಡೆಯನ್ನು ಲೆಕ್ಕದಿಂದ ತೆಗೆದು ಪ್ರೋಗ್ರಾಂ ಮತ್ತೆ ಓಡಿಸಿದಳು. ಎರಡು ಸಲ ಕರೆಂಟು ಹೋಯಿತು, ಎರಡು ಸಲವೂ ಮೊದಲಿನಿಂದ. ಮೂರನೇ ಸಲ ಎಲುಬಿನ ಒಳ ಅಂಚಿಗೆ ಮೆದುಳು ಅಚ್ಚುಕಟ್ಟಾಗಿ ಕೂತಿತು. ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಕಡಿಮೆ.

ಅವಳ ಕಣ್ಣುಗಳು ತುಂಬಿದವು. "ನಾನು ಹುಚ್ಚವ್ವನ ಮುಖಾನ ನೋಡಿರಲಿಲ್ರಿ."

"ನನ್ನದೂ ನೋಡಿಲ್ಲ," ಎಂದ ಬಸಂತರಾಯ ಮೆಲ್ಲಗೆ.

"ದಿನಾ ನೋಡೀನ್ರಿ. ಅದಕ್ಕ ಇಷ್ಟ ಬೈದೀನಿ."

ಅವನು ಅವಳತ್ತ ತಿರುಗಿದ. ಅವಳೇ ಹೇಳಿದಳು, "ರವಿವಾರ ನಮ್ಮೂರು ಇಂಡಿಗೆ ಬರ್ರಿ. ನಮ್ಮ ಆಯೀ ಜೋಡಿ ಲಗ್ನದ ಮಾತಾಡ್ರಿ."

ಹುಚ್ಚವ್ವನ ಆಪರೇಶನ್ ಸುಸೂತ್ರವಾಗಿ ಮುಗಿಯಿತು. ರವಿವಾರ ಬಸಂತರಾಯ ಇಂಡಿಯಲ್ಲಿ ಬಸ್ಸಿಳಿದಾಗ ವರದಾ ನಿಲ್ದಾಣದಲ್ಲೇ ನಿಂತಿದ್ದಳು, ತಾಯಿಯನ್ನು ಮನೆಯಲ್ಲಿ ಬಿಟ್ಟು.

"ಆಯೀಗೆ ನಮ್ಮಿಬ್ಬರದೂ ಎಲ್ಲಾ ಹೇಳೀನ್ರಿ. ಎರಡು ದಿನದಿಂದ ನನ್ನ ಜೋಡಿ ಮಾತು ಬಿಟ್ಟಾಳ."

"ಹಂಗಾರ ತಿರುಗಿ ಹೋಗ್ಲೇನ್ರಿ?"

"ಮಾತು ಬಿಟ್ಟಾಳ, ಖರೆ. ಆದ್ರ ಮುಂಜಾನಿಂದ ಹೋಳಿಗಿಗೆ ಹೂರ್ಣ ರುಬ್ಬಲಿಕ್ಕತ್ತಾಳ. ಬರ್ರಿ."