ಹೆಬ್ಬೆರಳಿನ ಸಾಕ್ಷಿ

ಸಿಂಧನೂರಿನ ತೆರಿಗೆ ಕೇಂದ್ರದೊಳಗೆ ಆ ವರ್ಷದಿಂದ ಚಪ್ಪಲಿ ಬಿಟ್ಟು ಹೋಗಬೇಕಾಯಿತು. ಒಳಗೆ ದೇವರೇನೂ ಇರಲಿಲ್ಲ, ವಾಸಮಾಪಕ ಬಂದಿತ್ತು. ಇಡ್ಲಿ ಪಾತ್ರೆಯಷ್ಟು ದೊಡ್ಡದಾದ ಆ ಬಿಳಿ ಯಂತ್ರದ ಬಾಯಿಗೆ ಬಲಗಾಲಿನ ಹೆಬ್ಬೆರಳು ಕೊಟ್ಟರೆ ಸಾಕು. ಒಳಗಿನ ನೀಲಿ ಬೆಳಕು ಉಗುರನ್ನು ಬುಡದಿಂದ ತುದಿಯವರೆಗೆ ಸವರಿ, ಆ ಮನುಷ್ಯ ಕಳೆದ ಹನ್ನೆರಡು ತಿಂಗಳು ಯಾವ ಊರಲ್ಲಿದ್ದನೆಂದು ಪರದೆಯ ಮೇಲೆ ಬರೆದುಬಿಡುತ್ತಿತ್ತು.

ರಾಜ್ಯಗಳು ತಾವೇ ಆದಾಯ ತೆರಿಗೆ ವಸೂಲಿ ಮಾಡತೊಡಗಿದ ಮೇಲೆ ಗಂಡ ಒಂದು ರಾಜ್ಯ, ಹೆಂಡತಿ ಇನ್ನೊಂದು ರಾಜ್ಯ ಎಂಬ ಸಂಸಾರಗಳು ಸರ್ಕಾರಕ್ಕೆ ದೊಡ್ಡ ತಲೆನೋವಾಗಿದ್ದವು. ಯಾರು ನಿಜವಾಗಿ ಎಲ್ಲಿ ವಾಸ? ಜನ ಬಾಡಿಗೆ ಚೀಟಿ ತಂದರು, ಹಾಜರಿ ಪುಸ್ತಕ ತಂದರು. ಅರ್ಧಕ್ಕರ್ಧ ಖೋಟಾ! ರೋಸಿಹೋದ ಸರ್ಕಾರ ಕಾಗದವೇ ಬೇಡ, ಉಗುರು ಹೇಳಿದ್ದೇ ಅಂತಿಮ ಎಂದು ಕಾನೂನು ಮಾಡಿತು. ಅದರ ಮೇಲೆ ಮೇಲ್ಮನವಿಯೂ ಇರಲಿಲ್ಲ.

ಹುಲಿಗೆಮ್ಮ ಗಂಡನನ್ನು ಕರೆದುಕೊಂಡು ಬಂದು ಸಾಲಿನಲ್ಲಿ ನಿಂತಿದ್ದಳು. ಅವಳು ಸಿಂಧನೂರಿನ ಸರ್ಕಾರಿ ಆಸ್ಪತ್ರೆಯ ನರ್ಸು. ಗಂಡ ಅಮರಗುಂಡಪ್ಪ ಗಡಿಯಾಚೆ, ತೆಲಂಗಾಣದ ಎರ್ರಗುಟ್ಟದಲ್ಲಿ ಸೌರವಿದ್ಯುತ್ ಸ್ಥಾವರದ ಮೆಕ್ಯಾನಿಕ್. ಮದುವೆಯಾಗಿ ಒಂಬತ್ತು ವರ್ಷವಾದರೂ ಅವರ ಸಂಸಾರವೆಲ್ಲ ತಿಂಗಳಿಗೊಂದು ಭಾನುವಾರದ್ದು. ಸ್ಥಾವರದ ನಿಗಮಕ್ಕೆ ಸಿಂಧನೂರಿನ ಹತ್ತಿರವೂ ಒಂದು ಶಾಖೆಯಿತ್ತು. ಒಟ್ಟು ಮೂರು ವರ್ಷ 'ದ್ವಿರಾಜ್ಯ ಪತ್ರ', ಅಂದರೆ ಗಂಡಹೆಂಡತಿ ಬೇರೆ ಬೇರೆ ರಾಜ್ಯದಲ್ಲಿದ್ದಾರೆಂಬ ತೆರಿಗೆ ಪತ್ರ, ಸಲ್ಲಿಸಿದವರಿಗೆ ಅಲ್ಲಿಗೆ ವರ್ಗ ಸಿಗುತ್ತಿತ್ತು. ಎರಡು ಪತ್ರ ಹಳೆಯ ಪದ್ಧತಿಯಲ್ಲಿ ಆಗಿಹೋಗಿದ್ದವು. ಇದು ಮೂರನೆಯದು. ಇದೊಂದು ಆಗಿಬಿಟ್ಟರೆ ಮುಗಿಯಿತು ಎಂದು ಹುಲಿಗೆಮ್ಮ ಬೆಳಿಗ್ಗೆಯಿಂದ ಹತ್ತು ಸಲ ಅಂದುಕೊಂಡಿದ್ದಳು.

ಅವಳು ಬೆರಳು ಕೊಟ್ಟಳು. 'ಸಿಂಧನೂರು, ಹನ್ನೆರಡು ತಿಂಗಳು' ಎಂದಿತು ಯಂತ್ರ. ಅಮರಗುಂಡಪ್ಪ ಬೆರಳು ಕೊಟ್ಟ. 'ಸಿಂಧನೂರು, ಹನ್ನೆರಡು ತಿಂಗಳು.'

"ಏನ್ ಪುಣ್ಯ ಮಾಡೀರಿ!" ಎಂದು ಗುಮಾಸ್ತ ನಕ್ಕ. "ಇಬ್ರೂ ಒಂದೇ ಮನ್ಯಾಗ ಅದೀರಿ. ದ್ವಿರಾಜ್ಯದ ಗೋಳು ಯಾಕ? ಏಕಗೃಹ ಪತ್ರ ತುಂಬ್ರಿ, ತೆರಿಗೀನೂ ಕಡಿಮಿ ಬರ್ತದ."

"ಅಯ್ಯ, ತಪ್ಪೈತ್ರಿ ಅದು!" ಎಂದಳು ಹುಲಿಗೆಮ್ಮ. "ಇವ್ರು ಎರ್ರಗುಟ್ಟದಾಗ ಇರ್ತಾರ್ರೀ. ಯಾರನ್ನ ಬೇಕಾದ್ರೂ ಕೇಳ್ರಿ."

"ಯಾರನ್ನೂ ಕೇಳಂಗಿಲ್ಲಮ್ಮ. ಅದಕ್ಕ ಈ ಮಿಷನ್ ತಂದಿರಾದು."

ಹೊಸ ಯಂತ್ರಗಳ ತಪಾಸಣೆಗೆಂದು ಅದನ್ನು ಕಂಡುಹಿಡಿದ ವಿಜ್ಞಾನಿ ಡಾ. ಅರುಂಧತಿ ಕಟ್ಟಿ ಆ ವಾರ ಅಲ್ಲಿಗೆ ಬಂದಿದ್ದರು. ಗಲಾಟೆ ಕೇಳಿ ಎದ್ದು ಬಂದು, ತಮ್ಮ ಕೈಯಾರೆ ಮತ್ತೆರಡು ಸಲ ಬೆರಳು ಪರೀಕ್ಷಿಸಿದರು. ಉತ್ತರ ಬದಲಾಗಲಿಲ್ಲ.

"ನೋಡಿ ಅಮ್ಮ," ಎಂದರು ಕಟ್ಟಿ. "ಪ್ರತಿ ಊರಿನ ನೀರಿನಲ್ಲೂ ಲವಣಗಳ ಬೆರಕೆ ಬೇರೆ ಬೇರೆ ಇರುತ್ತದೆ. ಅದನ್ನು ನಾವು ಜಲಮುದ್ರೆ ಅನ್ನುತ್ತೇವೆ. ಕುಡಿದ ನೀರಿನ ಮುದ್ರೆ ಬೆಳೆಯುವ ಉಗುರಿನಲ್ಲಿ ಪದರಪದರವಾಗಿ ಕೂತುಬಿಡುತ್ತದೆ. ಕಾಲಿನ ಹೆಬ್ಬೆರಳಿನ ಉಗುರು ಪೂರ್ತಿ ಬೆಳೆಯಲು ಒಂದು ವರ್ಷವಾದರೂ ಬೇಕು. ಹಾಗಾಗಿ ಅದು ಒಂದು ವರ್ಷದ ದಿನಚರಿಯಿದ್ದ ಹಾಗೆ. ಮನುಷ್ಯ ಸುಳ್ಳು ಹೇಳಬಹುದು, ಉಗುರು ಹೇಳುವುದಿಲ್ಲ."

ಹುಲಿಗೆಮ್ಮ ಗಂಡನ ಉಗುರನ್ನು ನೋಡಿದಳು. "ಅಂದ್ರ... ಇದು ನೋಡಾದು ಕುಡಿಯೋ ನೀರು ಅಷ್ಟೇ ಏನ್ರಿ, ಮೇಡಂ?"

"ಹೌದು. ಯಾಕೆ?"

"ನೀರು ನಾನೇ ಕಳಸ್ತೀನ್ರಿ."

ವಿಷಯವಿಷ್ಟೇ. ಎರ್ರಗುಟ್ಟದ ಬೋರಿನ ನೀರು ಬಾಯಿಗಿಟ್ಟರೆ ಉಪ್ಪು. ಎರಡು ವರ್ಷದ ಹಿಂದೆ ಅಮರಗುಂಡಪ್ಪನ ಕಾಲು ಮುಖ ಊದಿಕೊಂಡಾಗ, ಮೂತ್ರಪಿಂಡ ಸೋಲುತ್ತಿದೆ, ಆ ನೀರು ಮುಟ್ಟಲೇಬೇಡ ಎಂದು ವೈದ್ಯರು ಹೆದರಿಸಿ ಕಳಿಸಿದ್ದರು. ಫಿಲ್ಟರ್ ಹಾಕಿಸಿದರೆ ಎರಡು ತಿಂಗಳಿಗೆ ಉಪ್ಪು ಕಟ್ಟಿ ಕೆಟ್ಟುಹೋಯಿತು. ಅಂದಿನಿಂದ ಹುಲಿಗೆಮ್ಮ ವಾರಕ್ಕೆರಡು ಸಲ ಮನೆಯ ನಲ್ಲಿಯಲ್ಲಿ ಬರುವ ಕಾಲುವೆ ನೀರನ್ನು ಕಾಯಿಸಿ, ಆರಿಸಿ, ಕ್ಯಾನಿಗೆ ತುಂಬಿ ಕಂಡಕ್ಟರ್ ಮೌಲಾಸಾಬನ ಬಸ್ಸಿಗೆ ಹಾಕುತ್ತಿದ್ದಳು. ಅಡುಗೆಗೂ ಅದೇ ನೀರು, ಚಹಾಕ್ಕೂ ಅದೇ. ಒಂದು ವಾರವೂ ತಪ್ಪಿಸಿರಲಿಲ್ಲ.

ಕಟ್ಟಿಯವರು ಹನ್ನೆರಡು ವರ್ಷ ಪ್ರಯೋಗಾಲಯದಲ್ಲಿ ಕೂತು ಲಕ್ಷಾಂತರ ಉಗುರು ಪರೀಕ್ಷಿಸಿದ್ದರು. ಹೆಂಡತಿ ಬಸ್ಸಿನಲ್ಲಿ ನೀರು ಕಳಿಸುತ್ತಾಳೆಂಬುದು ಮಾತ್ರ ಅವರ ತಲೆಗೆ ಹೊಳೆದಿರಲಿಲ್ಲ.

"ನೀವಾರ ಒಂದು ಚೀಟಿ ಬರದು ಕೊಡ್ರಿ ಮೇಡಂ," ಎಂದ ಅಮರಗುಂಡಪ್ಪ.

"ನಾನು ಬರೆದರೂ ಅದು ಕಾಗದ. ಕಾನೂನು ಕಾಗದವನ್ನು ಒಪ್ಪುವುದಿಲ್ಲ." ಅವರ ದನಿ ಇಳಿದಿತ್ತು. "ಕಾನೂನು ಬದಲಾಗಲಿ ಎಂದು ನಾನು ಬರೆಯುತ್ತೇನೆ. ಎಷ್ಟು ದಿನ ಹಿಡಿಯುತ್ತದೋ ಗೊತ್ತಿಲ್ಲ."

"ಬಾಟ್ಲಿ ನೀರು ಕುಡದ್ರ?" ಎಂದು ಹುಲಿಗೆಮ್ಮ ಕೇಳಿದಳು.

"ಅದರ ಲವಣವನ್ನೆಲ್ಲ ಸೋಸಿ ತೆಗೆದಿರುತ್ತಾರೆ. ಯಂತ್ರ 'ಊರು ತಿಳಿಯದು' ಅನ್ನುತ್ತದೆ. ಪತ್ರ ತಿರಸ್ಕಾರವಾಗುತ್ತದೆ."

ಹದಿನೈದು ದಿನಕ್ಕೆ ವರ್ಗದ ಅರ್ಜಿಗೆ ನಿಗಮದಿಂದ ಉತ್ತರ ಬಂತು. ದಂಪತಿಗಳು ಈಗಾಗಲೇ ಒಂದೇ ಮನೆಯಲ್ಲಿ ವಾಸವಿರುವುದು ವೈಜ್ಞಾನಿಕವಾಗಿ ಸಾಬೀತಾಗಿರುವುದರಿಂದ ವರ್ಗಾವಣೆಯ ಅಗತ್ಯ ಕಂಡುಬರುವುದಿಲ್ಲ. ಮುಂದಿನ ವರ್ಷದ ಉಗುರು ಬೇರೆ ಹೇಳಿದಲ್ಲಿ ಪರಿಶೀಲಿಸಲಾಗುವುದು.

ಆ ಭಾನುವಾರ ಅಮರಗುಂಡಪ್ಪ ಊಟದ ತಟ್ಟೆ ಸರಿಸಿ ಹೇಳಿದ, "ಇನ್ನ ನೀರು ಕಳಸಬ್ಯಾಡ, ಹುಲಿಗಿ."

"ನಿಮಗ ತಲಿ ಕೆಟ್ಟೈತೇನ್ರೀ? ಡಾಕ್ಟರ್ ಏನ್ ಹೇಳ್ಯಾರ? ನಾ ಆಸ್ಪತ್ರ್ಯಾಗ ದಿನಾ ನೋಡಾಕತ್ತೀನಿ, ಆ ಜಡ್ಡಿನವರ ಗತಿ ಏನಾಗ್ತದಂತ. ನನಗ ವರ್ಗ ಬ್ಯಾಡ. ತಿಂಗಳಿಗೊಮ್ಮಿ ಬರ್ರಿ, ಸಾಕು."

"ಒಂಬತ್ತು ವರ್ಷ ಆತು. ನನಗ ಸಾಕಾಗಿಲ್ಲ ಅಂತೀಯೇನು?" ಎಂದ ಅವನು. "ಒಂದೇ ಒಂದು ವರ್ಷ. ಆಮ್ಯಾಲೆ ಜಿಂದಗಿ ಪೂರಾ ನಿನ್ನ ಕೈಲೇ ನೀರು ಕುಡೀತೀನಿ."

ಅವಳು ಅತ್ತಳು, ಜಗಳವಾಡಿದಳು, ಮಾತು ಬಿಟ್ಟಳು. ಮಂಗಳವಾರ ಕ್ಯಾನು ಕಳಿಸಿದರೆ ಗುರುವಾರ ಮೌಲಾಸಾಬ ಅದನ್ನು ತುಂಬಿದಂತೆಯೇ ವಾಪಸು ತಂದ. "ನಾ ಏನ್ ಮಾಡ್ಲಿ ಸಿಸ್ಟರಮ್ಮ, ಇಳಿಸ್ಕೊಳ್ಳಂಗಿಲ್ಲ ಅಂತಾರ," ಎಂದ. ಮೂರು ಸಲ ಹೀಗಾದ ಮೇಲೆ ಅವಳು ಬಸ್‌ಸ್ಟ್ಯಾಂಡಿಗೆ ಹೋಗುವುದನ್ನು ಬಿಟ್ಟಳು.

ಪ್ರತಿ ತಿಂಗಳು ಅವನು ಬಂದಾಗ ಅವಳು ಮೊದಲು ನೋಡುತ್ತಿದ್ದದ್ದು ಅವನ ಪಾದ. ಹೊಸ ಉಗುರು ಬುಡದಿಂದ ಅಕ್ಕಿಕಾಳಿನಷ್ಟು ಮೇಲೆ ಬಂದಿರುತ್ತಿತ್ತು. ಪಾದವೂ ಸ್ವಲ್ಪ ಸ್ವಲ್ಪ ಊದುತ್ತಿತ್ತು. ಬೆರಳಿನಿಂದ ಒತ್ತಿದರೆ ಬಿದ್ದ ಕುಳಿ ಹಾಗೇ ಉಳಿಯುತ್ತಿತ್ತು. ರಕ್ತ ಪರೀಕ್ಷೆಗೆ ಬರಲು ಅವನು ಒಪ್ಪಲಿಲ್ಲ. "ಉಗುರು ಬರ್ಲಿ, ಆಮ್ಯಾಲೆ ನೋಡಾಣು," ಎನ್ನುತ್ತಿದ್ದ.

ವರ್ಷ ತುಂಬಿತು. 'ಎರ್ರಗುಟ್ಟ, ಹನ್ನೆರಡು ತಿಂಗಳು' ಎಂದಿತು ಯಂತ್ರ. ಗುಮಾಸ್ತ ಮುದ್ರೆ ಒತ್ತಿದ. ತಿಂಗಳೊಪ್ಪತ್ತಿನಲ್ಲಿ ವರ್ಗದ ಆದೇಶ ಬಂತು. ಅಮರಗುಂಡಪ್ಪ ಒಂದು ಟ್ರಂಕು, ಒಂದು ಹಾಸಿಗೆ ಹಿಡಿದು ಖಾಯಂ ಆಗಿ ಮನೆಗೆ ಬಂದ. ಹೊಸ ಶಾಖೆಯಲ್ಲಿ ಆರು ದಿನ ಕೆಲಸ ಮಾಡಿದ, ಏಳನೆಯ ದಿನ ಅಲ್ಲೇ ಕುಸಿದ.

ಮತ್ತೆ ತೆರಿಗೆ ಪತ್ರ ತುಂಬುವ ಕಾಲ ಬಂದಾಗ ಹುಲಿಗೆಮ್ಮ ಮಧ್ಯಾಹ್ನದ ಬಿಸಿಲಿನಲ್ಲಿ ಪಡಸಾಲೆಯಲ್ಲಿ ಕೂತಿದ್ದಳು. ಕೈಯಲ್ಲಿ ಏಕಗೃಹ ಪತ್ರ. ಕಟ್ಟಿಯವರು ಹಟ ಹಿಡಿದು ಅದರಲ್ಲಿ ಹೊಸದೊಂದು ಕಲಮು ಸೇರಿಸಿದ್ದರು: 'ದಂಪತಿಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ಕುಡಿಯುವ ನೀರು ಕಳಿಸುತ್ತಿರುವರೇ? ದಿನಕ್ಕೆ ಎಷ್ಟು?'

ಅವಳು ಆ ಸಾಲನ್ನು ಎರಡು ಸಲ ಓದಿ 'ಇಲ್ಲ' ಎಂದು ಬರೆದಳು.

"ಹುಲಿಗಿ, ನೀರು," ಎಂದ ಅಮರಗುಂಡಪ್ಪ ಮಂಚದ ಮೇಲಿಂದ. ವಾರಕ್ಕೆ ಮೂರು ದಿನ ಅವನ ರಕ್ತವನ್ನು ಯಂತ್ರ ತೊಳೆಯುತ್ತಿತ್ತು. ಇಡೀ ದಿನಕ್ಕೆ ಅರ್ಧ ಲೀಟರಿಗಿಂತ ಒಂದು ಹನಿ ಹೆಚ್ಚು ನೀರು ಕುಡಿಯುವಂತಿರಲಿಲ್ಲ.

ಅವಳು ಎದ್ದು, ಕೊಡದ ಕಾಲುವೆ ನೀರನ್ನು ಔಷಧಿಯ ಅಳತೆ ಲೋಟಕ್ಕೆ ಗೆರೆ ನೋಡಿ ಹಾಕಿ ಅವನ ಬಾಯಿಗೆ ಹಿಡಿದಳು. ಅವನು ಒಂದೇ ಗುಟುಕಿಗೆ ಮುಗಿಸಿ ಲೋಟದ ಅಂಚನ್ನು ನೆಕ್ಕಿದ.

"ಇನ್ನೊಂದೀಟು ಹಾಕು."

"ಸಂಜಿ ಆರಕ್ಕ," ಎಂದಳು ಹುಲಿಗೆಮ್ಮ, ಕೊಡದ ಬಾಯಿ ಮುಚ್ಚುತ್ತ.