ಗಾಜಿಪುರದ ಜುಮೇರಾತ್ ಬಾಳೆಹಣ್ಣು

ದಿನಾಂಕ ೪ ಫೆಬ್ರುವರಿ ೧೯೪೯, ಶುಕ್ರವಾರ. ಕಲಬುರಗಿ ಕೋಟೆಯ ಹಿಂದೆ, ಬೇವಿನ ಮರದ ಬುಡದಲ್ಲಿದ್ದ ಪ್ರಾಣಿಗಳ ಪೊಲೀಸ್ ಠಾಣೆಗೆ ಕಮಲಾಪುರದ ಎತ್ತು ನೀಲಕಂಠ ಬೆಳಿಗ್ಗೆಯೇ ದೂರು ತಂದ.

ಇನ್‌ಸ್ಪೆಕ್ಟರ್ ಸೂರ್ಯಕಾಂತ, ಅಂದರೆ ಕಿವಿ ಹರಿದ ಮುದಿ ನಾಯಿ, ಬಿಸಿಲಿಗೆ ಮೈಯೊಡ್ಡಿ ಕೂತಿದ್ದ. ನಿಜಾಮನ ರಾಜ್ಯದ ಮೇಲೆ ಭಾರತದ ಸೈನ್ಯ ನುಗ್ಗಿದ ಪೊಲೀಸ್ ಆಕ್ಷನ್ ಆದ ಮೇಲೆ ಎಷ್ಟೋ ಮನೆಗಳ ಬಾಗಿಲು ಮುಚ್ಚಿದ್ದವು. ಹೆಸರು ಹಿಡಿದು ಕರೆದು ರೊಟ್ಟಿ ಹಾಕುವವರಿಲ್ಲದೆ ಪಾಪ, ಅವನಿಗೆ ಊರೇ ಬಿಕೋ ಅನ್ನುತ್ತಿತ್ತು. ಒಂದು ಕೇಸು ಬಂದದ್ದೇ ದೊಡ್ಡ ಉಪಕಾರ.

“ಏನ್ ಕಳುವಾಗ್ಯಾದ?”

“ಕೆಂಪು ಬಾಳೆಹಣ್ರೀ. ಗುರುವಾರಕ್ಕೊಂದು. ನಮ್ಮ ಮಾಲಕ ದತ್ತಪ್ಪ ಹಣ್ಣಿನ ಗಾಡಿ ಹೊಡಕೊಂಡು ಬಂದು, ಇಲ್ಲೇ ಗಾಜಿಪುರದ ಮೂಲ್ಯಾಗ ನೊಗದಿಂದ ನನ್ನ ಕೊಳ್ಳ ಬಿಟ್ಟು ಚಹಾ ಕುಡಿಲಾಕ ಹೋಗ್ತಾನ. ತಿರುಗಿ ಬರೋದ್ರಾಗ ಗಾಡ್ಯಾಗಿಂದ ಒಂದು ಮಾಯ.”

“ಅವನ ಗುಮಾನಿ ಯಾರ ಮ್ಯಾಲ?”

“ನನ್ನ ಮ್ಯಾಲೇ. ಇನ್ನೊಂದ್ ಸಲ ಹೋದ್ರ ಸಂತ್ಯಾಗ ಮಾರಿಬಿಡ್ತೀನಿ ಅಂದಾನ. ಕರ ಇದ್ದಾಗಿಂದ ಅವನ ಕೈಯಾಗಿನ ಮೇವು ತಿಂದೀನ್ರೀ. ಬ್ಯಾರೆ ಮನಿ ನಂಗೊತ್ತಿಲ್ಲ.”

ಕಾನ್‌ಸ್ಟೇಬಲ್ ಬಂಡೆಮ್ಮ ಎಂಬ ಕಾಗೆ ಕೊಕ್ಕಿನಿಂದ ಮಣ್ಣಿನ ಮೇಲೆ ಎಫ್‌ಐಆರ್ ಗೀಚಿ, “ಕೋತಿ ಕೆಲಸ ಸಾಹೇಬ್ರ, ಹಂಗಂತ ಬರೀಲೇನ್ರಿ?” ಅಂದಳು. ಹಣ್ಣು ಹೋಯಿತೆಂದರೆ ಕೋತಿಯನ್ನು ಹಿಡಿದು ತರುವುದು ಆ ಠಾಣೆಯ ಹಳೇ ಚಾಳಿ.

ಆದರೆ ಸ್ಥಳ ಪಂಚನಾಮೆಯಲ್ಲಿ ಗಾಜಿಪುರದ ಮೂಲೆಯನ್ನೆಲ್ಲ ಮೂಸಿದರೂ ಒಂದು ಸಿಪ್ಪೆ ಸಿಗಲಿಲ್ಲ. “ಕೋತಿ ಆಗಿದ್ರ ಇಲ್ಲೇ ಸುಲಿದು ಬಿಸಾಕ್ತಿತ್ತು. ಈ ಕಳ್ಳಗ ತಿನ್ನೋದು ಬೇಕಾಗಿಲ್ಲ ಬಂಡೆಮ್ಮ,” ಅಂದ ಸೂರ್ಯಕಾಂತ.

ಫೆಬ್ರುವರಿ ೧೦, ಗುರುವಾರ ಸಂಜೆ. ದತ್ತಪ್ಪ ಚಹಾದಂಗಡಿ ಹೊಕ್ಕಿದ್ದೇ ತಡ, ಒಂದು ಬಡಕಲು ಬಿಳಿ ಬೆಕ್ಕು ಗಾಡಿ ಹತ್ತಿತು. ಹಣ್ಣಿನ ತೊಟ್ಟು ಕಚ್ಚಿ, ಎಳೆದಾಡಿ ಕಿತ್ತು, ಬಾಯಲ್ಲಿ ಹಿಡಿದು ಓಣಿಯೊಳಗೆ ಇಳಿಯಿತು. ಬೆನ್ನು ಹತ್ತಿದ ಸೂರ್ಯಕಾಂತನ ಕಾಲುಗಳು ತಾವಾಗಿಯೇ ನಿಧಾನವಾದವು. ಆ ಓಣಿ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬೆಕ್ಕು ಹೊಕ್ಕಿದ್ದು ಖುರ್ಷೀದ್ ಬೇಗಂ ಮನೆ. ಅವರಲ್ಲಿ ಗುರುವಾರಕ್ಕೆ ಜುಮೇರಾತ್ ಅನ್ನುತ್ತಾರೆ. ತೀರಿಹೋದ ಗಂಡ ಜಹಾಂಗೀರ್ ಸಾಹೇಬರಿಗೆ ಇಷ್ಟವಾದದ್ದನ್ನು ಆಕೆ ಅವತ್ತು ಗೋಡೆಯ ಗೂಡಿನಲ್ಲಿಟ್ಟು, ಅವರ ಆತ್ಮಕ್ಕಾಗಿ ಫಾತಿಹಾ ಓದಿಸಿ, ಆಮೇಲೆ ಓಣಿಗೆಲ್ಲ ಹಂಚುತ್ತಿದ್ದಳು. ಸಾಹೇಬರಿಗೆ ಕಮಲಾಪುರದ ಕೆಂಪು ಬಾಳೆಹಣ್ಣೆಂದರೆ ಪ್ರಾಣ. ನಮಾಜು ಮಾಡುವ ಮನೆಯೊಳಗೆ ನಾಯಿಯನ್ನು ಬಿಟ್ಟುಕೊಳ್ಳುವುದಿಲ್ಲ, ಅದು ಅವರ ಮಡಿ. ಆದರೆ ಬೇಗಂ ಒಂದು ದಿನವೂ ಹಚಾ ಅಂದವಳಲ್ಲ. ಸೂರ್ಯಕಾಂತನ ಪಾಲು ಹೊಸ್ತಿಲ ಹೊರಗೆ ಮಣ್ಣಿನ ತಟ್ಟೆಯಲ್ಲಿ ಕಾದಿರುತ್ತಿತ್ತು. ಮೊನ್ನೆ ದೀಪಾವಳಿ ಹೊತ್ತಿಗೆ ಆಕೆ ಅಣ್ಣನ ಜೊತೆ ಟಾಂಗಾ ಹತ್ತಿ ಹೈದರಾಬಾದಿಗೆ ಹೋದಳು. ಮತ್ತೆ ಬರಲಿಲ್ಲ.

ಬಾಗಿಲು ಅರೆತೆರೆದಿತ್ತು. ಸೂರ್ಯಕಾಂತ ಹೊಸ್ತಿಲಲ್ಲೇ ನಿಂತ.

“ಒಳಗ ನಡೀರಿ ಸಾಹೇಬ್ರ, ಯಾರೂ ಇಲ್ಲ,” ಅಂದಳು ಬಂಡೆಮ್ಮ.

“ಯಾರೂ ಇಲ್ಲಂತ ಹೊಕ್ಕಬೇಕೇನು? ನೀ ಹೋಗು.”

ಕಾಗೆ ಒಳಗಿಂದಲೇ ಕೂಗಿ ಪಂಚನಾಮೆ ಹೇಳಿದಳು. ಗೂಡಿನಲ್ಲಿ ಹಣ್ಣುಗಳು ಕರ್ರಗೆ ಒಣಗಿ ಬಿದ್ದಿದ್ದವು. ಇವತ್ತಿನದೊಂದು ತಾಜಾ. ಯಾವುದನ್ನೂ ಯಾರೂ ತಿಂದಿರಲಿಲ್ಲ. ಬೇಗಂ ಸಾಕಿದ ಬೆಕ್ಕು ಮುನ್ನಿ ತಾನಾಗಿಯೇ ಹೊರಬಂದು ಇನ್‌ಸ್ಪೆಕ್ಟರನ ಮುಂದೆ ಕೂತಳು.

“ಕದ್ದಿಯೇನು?”

“ಹೌದ್ರೀ.”

“ಯಾಕ?”

“ಜುಮೇರಾತ್ ತಪ್ಪಿದ್ರ ಸಾಬ್ ಉಪಾಸ ಉಳೀತಾರ. ನಂಗ ಓದಲಾಕ ಬರಲ್ಲ, ಎಲ್ಲಿ ಇಡೋದು ಅಷ್ಟೇ ಗೊತ್ತು. ಇಟ್ರ ಮಂದಿ ಬರ್ತಿದ್ರು. ಈಗ ಇಡ್ತೀನಿ, ಯಾರೂ ಬರಲ್ಲ.”

ಸೂರ್ಯಕಾಂತ ಕತ್ತೆತ್ತಿ ಒಮ್ಮೆ ಬೊಗಳಿದ. ಕಳ್ಳ ಸಿಕ್ಕರೆ ಹಾಗೆ ಕರೆಯುವುದೆಂದು ನೀಲಕಂಠನ ಜೊತೆ ಮೊದಲೇ ಮಾತಾಗಿತ್ತು. ನೀಲಕಂಠ ಹಗ್ಗ ಕಿತ್ತುಕೊಂಡು ಬಾಗಿಲಿಗೆ ಬಂದ, ಹಿಂದೆಯೇ ಬಾರುಕೋಲು ಹಿಡಿದ ದತ್ತಪ್ಪ. ಒಳಗೆ ಇಣುಕಿ ಗೂಡು ನೋಡಿದವನು ಕೋಲು ಕೆಳಗಿಟ್ಟ. ವಾರವಾರ ತನ್ನ ಗಾಡಿಯಿಂದಲೇ ಹಣ್ಣು ಆರಿಸುತ್ತಿದ್ದ ಬೇಗಂ ನೆನಪಾದಳು. “ನನ್ನದು ತಪ್ಪಾತಪ್ಪ,” ಎಂದು ಎತ್ತಿನ ಕೊರಳು ಸವರಿ ಕರೆದೊಯ್ದ. ಮಾರುವ ಮಾತು ಅಲ್ಲಿಗೆ ಮುಗಿಯಿತು.

ಆರೋಪಿಯ ದಸ್ತಗಿರಿ ಆಯಿತು. ಠಾಣೆಗೆ ಮಾತ್ರ ಒಯ್ಯಲಿಲ್ಲ. ಕಳ್ಳತನಕ್ಕೆ ಕಾರಣ ಹಸಿವೆಯಲ್ಲ, ಒಂಟಿತನ ಎಂದು ಬಂಡೆಮ್ಮ ಗೀಚಿದಳು.

“ಹಂಚಲಾರದೆ ಫಾತಿಹಾ ಮುಗಿಯಲ್ರೀ,” ಅಂದಳು ಮುನ್ನಿ.

“ಹಂಗಾದ್ರ ನನ್ನ ಪಾಲು ಹೊರಗಿಡು.”

ಅವಳು ತಾಜಾ ಹಣ್ಣನ್ನು ಕಚ್ಚಿ ತಂದು ಹಳೇ ಮಣ್ಣಿನ ತಟ್ಟೆಯಲ್ಲಿಟ್ಟಳು. ಸೂರ್ಯಕಾಂತನಿಗೆ ಬಾಳೆಹಣ್ಣು ಎಂದೂ ಸೇರಿದ್ದಿಲ್ಲ. ಹೊಸ್ತಿಲ ಹೊರಗೆ ಕೂತು ಸಿಪ್ಪೆಸಹಿತ ತಿಂದು, ತಟ್ಟೆ ನೆಕ್ಕಿದ.