ತಾತನ ಸರದಿ

"ಒತ್ತಿ ತಾತ! ಬೇಗ ಒತ್ತಿ!"

"ಒತ್ತಿದೀನಲ್ಲ ಪುಟ್ಟಾ!"

ಫೋನಿನೊಳಗಿನ ದಾಳ ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ. ಅದರ ಸುತ್ತಲಿನ ಹಸಿರು ಗೆರೆ ಕರಗುತ್ತಾ ಬಂದು ಕೆಂಪಾಯಿತು, ಆಮೇಲೆ ಮಾಯವಾಯಿತು. ತಾತನ ಸರದಿ ಹೋಯಿತು.

ಗಡಿಬಿಡಿ ಹಣೆ ಚಚ್ಚಿಕೊಂಡಳು. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಮನೆಯಲ್ಲಿ ಎಲ್ಲರಿಗೂ ಅವಳು ಗಡಿಬಿಡಿಯೇ.

"ಏನೇ, ನಿನ್ ಪಾರ್ಟ್‌ನರ್ ನಿದ್ದೆ ಹೊಡೀತಿದಾರಾ?" ಫೋನಿನಲ್ಲಿ ಅತ್ತೆಯ ಮಗ ಗುಂಡಣ್ಣ ಕಿಸಕ್ಕನೆ ನಕ್ಕ.

ಅತ್ತೆಯ ಮನೆ ಇದೇ ಬೀದಿಯಲ್ಲಿದ್ದಾಗ ಎಲ್ಲರೂ ನೆಲದ ಮೇಲೆ ಲೂಡೋ ಹಲಗೆ ಇಟ್ಟುಕೊಂಡು ಆಡುತ್ತಿದ್ದರು. ಆಗ ತಾತ ನಮ್ಮ ಕಡೆಗೇ ಬೇಕು ಅಂತ ಮಕ್ಕಳಲ್ಲಿ ಜಗಳವೋ ಜಗಳ. ಅತ್ತೆ ಬೇರೆ ಊರಿಗೆ ಹೋದ ಮೇಲೆ ಆಟ ಫೋನಿಗೆ ಬಂತು. ಗಡಿಬಿಡಿ ಅಮ್ಮನ ಫೋನಿನಲ್ಲಿ, ತಾತ ಅಪ್ಪನ ಫೋನಿನಲ್ಲಿ. ಒಬ್ಬೊಬ್ಬರಿಗೆ ಹತ್ತೇ ಸೆಕೆಂಡು. ಮೂರು ಸಲ ಸರದಿ ತಪ್ಪಿದರೆ ಆಟದಿಂದಲೇ ಹೊರಗೆ. ಒಬ್ಬರ ದಾಳ ಇನ್ನೊಬ್ಬರು ಒತ್ತಬಾರದು ಅನ್ನುವುದು ಗುಂಡಣ್ಣನ ರೂಲ್ಸು.

ಮೂರು ವಾರದಿಂದ ಬರೀ ಸೋಲು. "ಇವತ್ತೂ ಸೋತ್ರೆ ತಾತ ಬೇಡ, ಪಕ್ಕದ್ಮನೆ ಹುಡುಗೀನ ಸೇರಿಸ್ಕೋ" ಅಂತ ಗುಂಡಣ್ಣ ಮೊದಲೇ ಹೇಳಿದ್ದ. ಗಡಿಬಿಡಿ ಹೂಂ ಅಂದಿದ್ದಳು. ತಾತನಿಗೆ ಅದು ಕೇಳಿಸಿತ್ತು.

ಇಷ್ಟು ಹೊತ್ತು ತಾತ ಮೂರ್ನಾಲ್ಕು ಸಲ ಒತ್ತಿದ ಮೇಲಾದರೂ ದಾಳ ಹೇಗೋ ಉರುಳುತ್ತಿತ್ತು. ಈಗ ತಾತನ ಒಂದು ಕಾಯಿ ಹಣ್ಣಾದರೆ ಸಾಕು, ಗೆಲುವು ಇವರದೇ. ತಾತ ಬೆರಳನ್ನು ಅಂಗಿಗೆ ಒರೆಸಿಕೊಂಡು ಮತ್ತೆ ಒತ್ತಿದರು. ಗೆರೆ ಕೆಂಪಾಯಿತು. ಎರಡನೇ ಸರದಿಯೂ ಹೋಯಿತು.

"ನಿಮ್ಮಿಂದಾನೇ ಸೋಲೋದು!" ಗಡಿಬಿಡಿ ಕಿರುಚಿದಳು. "ಒತ್ತೋಕೂ ಬರಲ್ವಾ ನಿಮ್ಗೆ?"

 ತಾತನ ಮುಖ ಸಣ್ಣಗಾಯಿತು.

ಮೂರನೇ ಸರದಿ ಬಂತು. ಹತ್ತು, ಒಂಬತ್ತು, ಎಂಟು... ಗಡಿಬಿಡಿಗೆ ತಡೆಯಲಾಗಲಿಲ್ಲ. ತಾತನ ತೋರುಬೆರಳನ್ನೇ ಹಿಡಿದು ದಾಳದ ಮೇಲೆ ಒತ್ತಿದಳು. ಏನೂ ಆಗಲಿಲ್ಲ. ಜೋರಾಗಿ ಒತ್ತಿದಳು. ಊಹೂಂ. ಮೂರು, ಎರಡು, ಒಂದು.

'ಆಟಗಾರರು ಆಟ ಬಿಟ್ಟು ಹೋಗಿದ್ದಾರೆ' ಅಂತ ಬಂತು. ಕೆಳಗೆ 'ಸರಿ' ಅನ್ನುವ ಗುಂಡಿ. ತಾತ ಅದನ್ನೂ ಒತ್ತಿದರು, ಅದು ಹೋಗಲಿಲ್ಲ. ಗಡಿಬಿಡಿಯ ಬೆರಳು ಸೋಕಿದ್ದೇ ತಡ, ಮಾಯ!

ಅವಳು ತಾತನ ಬೆರಳನ್ನು ತಿರುಗಿಸಿ ನೋಡಿದಳು. ತುದಿಯಲ್ಲಿ ಚರ್ಮ ದಪ್ಪಗೆ, ಒಣಗಿ, ಹಳೇ ಚಪ್ಪಲಿಯ ಹಾಗೆ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದಳು.

"ಗೊತ್ತಾಗತ್ತಾ ತಾತ?"

"ಎಲ್ಲಿಂದ? ಐವತ್ತು ವರ್ಷ ಸೂಜಿ ಹಿಡಿದ ಬೆರಳು ಕಣೇ. ಚುಚ್ಚಿದ್ರೂ ಗೊತ್ತಾಗಲ್ಲ."

ಹಾಗಾದರೆ ಈ ಬೆರಳು ಮುಟ್ಟಿದ್ದು ಫೋನಿಗೂ ಸರಿಯಾಗಿ ಗೊತ್ತಾಗುತ್ತಿರಲಿಲ್ಲ! ಗಡಿಬಿಡಿ ಹಾಕಿಕೊಂಡಿದ್ದ ಫ್ರಾಕನ್ನೂ ಈ ದರ್ಜಿ ತಾತನೇ ಹೊಲಿದಿದ್ದರು.

"ಗೆದ್ವೀ!" ಗುಂಡಣ್ಣ ಕೂಗುತ್ತಿದ್ದ. "ಮುಂದಿನ್ ವಾರ ಪಕ್ಕದ್ಮನೆಯವಳು ತಾನೇ? ತಾತ ಒತ್ತೋದೇ ಇಲ್ವಲ್ಲ!"

ತಾತ ಕೈ ಎಳೆದುಕೊಳ್ಳಲು ನೋಡಿದರು. ಗಡಿಬಿಡಿ ಬಿಡಲಿಲ್ಲ.

"ಒತ್ತಿದ್ರು ಗುಂಡಣ್ಣ," ಅಂದಳು. ಯಾವ ಗಡಿಬಿಡಿಯೂ ಇಲ್ಲದೆ, ನಿಧಾನವಾಗಿ. "ಪ್ರತಿ ಸಲಾನೂ ಒತ್ತಿದ್ರು."